ಎರಡು ದಿನ, ನಾಲ್ಕು ಹೊತ್ತು: ದಸರಾ ಮುಗಿದ ಮೇಲೆ ಚಿಕ್ಕ ಮಕ್ಕಳ ಜೊತೆ ಮೈಸೂರು

ಎರಡರಿಂದ ಆರು ವರ್ಷದ ಮಗುವಿಗೆ ಒಂದು ದಿನ ಎಂದರೆ ಎರಡೇ ಹೊತ್ತು. ಬೆಳಿಗ್ಗೆ ಎದ್ದು ತಿಂಡಿ ತಿಂದಾಗಿನಿಂದ ಹನ್ನೊಂದೂವರೆವರೆಗೆ ಒಂದು, ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ ಕತ್ತಲಾಗುವವರೆಗೆ ಇನ್ನೊಂದು. ಶನಿವಾರ, ಭಾನುವಾರ ಸೇರಿದರೆ ನಾಲ್ಕು ಹೊತ್ತು ಸಿಕ್ಕಿತು. ಒಂದು ಹೊತ್ತಿಗೆ ಒಂದೇ ಜಾಗ ಇಟ್ಟುಕೊಂಡರೆ ಮಕ್ಕಳೂ ಖುಷಿಯಾಗಿರುತ್ತಾರೆ, ದೊಡ್ಡವರೂ ಸೋಮವಾರ ಎದ್ದು ಕೆಲಸಕ್ಕೆ ಹೋಗಬಹುದು. ಎರಡು ಜಾಗ ತುರುಕಿದರೆ ಎರಡನೆಯದರಲ್ಲಿ ಮಗು ರಚ್ಚೆ ಹಿಡಿಯುತ್ತದೆ. ಅದು ಹಠವಲ್ಲ, ಸುಸ್ತು.

ಮೈಸೂರಲ್ಲೇ ಇರುವವರು ಊರನ್ನು ಸರಿಯಾಗಿ ನೋಡುವುದು ನೆಂಟರು ಬಂದಾಗ ಮಾತ್ರ. ಆಗ ಜೂ, ಅರಮನೆ, ಬೆಟ್ಟ, ಬೃಂದಾವನ ಎಲ್ಲವನ್ನೂ ಒಂದೇ ದಿನಕ್ಕೆ ಹಾಕಿ ಓಡಿಸುತ್ತೇವೆ. ಮನೆ ಮಕ್ಕಳಿಗೆ ಆ ಲೆಕ್ಕ ಬೇಡ. ಇದು ಊರಿನವರಿಗಾಗಿ, ಇಲ್ಲವೇ ಎರಡು ರಾತ್ರಿ ಉಳಿಯಲು ಮನೆಯೋ ರೂಮೋ ಇರುವವರಿಗಾಗಿ ಬರೆದದ್ದು.

ಯಾವ ವಾರ

ವಿಜಯದಶಮಿ ಕಳೆದು ಒಂದು ವಾರವಾದ ಮೇಲೆ ಹೊರಡಿ. ದಸರಾದ ಹತ್ತು ದಿನ ಊರಿನ ತುಂಬ ಜನ, ಅರ್ಧ ರಸ್ತೆಗಳು ಒನ್‌ವೇ. ಆಯುಧಪೂಜೆ ಮತ್ತು ಜಂಬೂಸವಾರಿಯ ಆಸುಪಾಸಿನಲ್ಲಿ ಜೂ ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಮೂರಡಿ ಎತ್ತರದ ಮಗುವಿಗೆ ಆ ದಿನ ಕಾಣುವುದು ಜನರ ಮೊಣಕಾಲು ಮಾತ್ರ. ದೀಪಾವಳಿ ಹಿಂದುಮುಂದಿನ ವಾರ ಬಿಟ್ಟು, ಕಾರ್ತಿಕದ ಕೊನೆಯವರೆಗೂ ಒಳ್ಳೆಯ ಕಾಲ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ, ಹತ್ತು ಗಂಟೆಗೆ ಹಿತವಾದ ಬಿಸಿಲು, ಕೆರೆಗಳಲ್ಲಿ ದಡದವರೆಗೆ ನೀರು.

ತೊಂದರೆ ಒಂದೇ, ಮಳೆ. ಮೈಸೂರಿಗೆ ಅಕ್ಟೋಬರ್ ವರ್ಷದಲ್ಲೇ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಒಂದು. ಚಿತ್ತೆ, ಸ್ವಾತಿ ಮಳೆಗಳು ಜೂನ್ ಮಳೆಯ ಹಾಗೆ ದಿನವಿಡೀ ಜಿನುಗುವುದಿಲ್ಲ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ನೆಲ ಕಾದು, ಮೂರು ಗಂಟೆಯ ಮೇಲೆ ಮೋಡ ಕಟ್ಟಿ, ಗುಡುಗಿನ ಜೊತೆ ಒಂದು ಗಂಟೆ ಹೊಯ್ದು ಹೋಗುತ್ತದೆ. ಆದ್ದರಿಂದ ದೊಡ್ಡ ಸುತ್ತಾಟವೆಲ್ಲ ಬೆಳಿಗ್ಗೆಗೆ ಇರಲಿ. ಸಂಜೆಗೆ ಹತ್ತಿರದ್ದು, ಚಿಕ್ಕದ್ದು, ಬಿಟ್ಟರೂ ಬೇಜಾರಾಗದಂಥದ್ದು. ಅಕ್ಟೋಬರ್ ನಡುವಿನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಗೆ, ಆರೂವರೆಗೆಲ್ಲ ಕತ್ತಲು. ಬೇಸಿಗೆಯ ಅಭ್ಯಾಸದಲ್ಲಿ ಐದೂವರೆಗೆ ಮನೆ ಬಿಟ್ಟರೆ ಪಾರ್ಕ್ ತಲುಪುವಷ್ಟರಲ್ಲಿ ಸೊಳ್ಳೆ ಮಾತ್ರ ಸಿಗುತ್ತವೆ.

ಶುಕ್ರವಾರ ರಾತ್ರಿಯ ಕೆಲಸ

ಬೆಳಿಗ್ಗೆ ಬ್ಯಾಗ್ ತುಂಬಲು ಕೂತರೆ ಒಂದು ಗಂಟೆ ಅಲ್ಲೇ ಹೋಯಿತು. ರಾತ್ರಿಯೇ ತುಂಬಿ ಬಾಗಿಲ ಬಳಿ ಇಡಿ. ಇಬ್ಬರು ಮಕ್ಕಳಿಗೆ ಸಾಕಾಗುವಷ್ಟು: ಒಬ್ಬೊಬ್ಬರಿಗೆ ಒಂದು ಜೊತೆ ಬದಲಿ ಬಟ್ಟೆ, ಚಡ್ಡಿ ಮಾತ್ರ ಎರಡೆರಡು. ಹಳೆಯ ತೆಳು ಟವೆಲ್ ಎರಡು. ಒದ್ದೆ ಬಟ್ಟೆಗೆ ಒಂದು ಬಟ್ಟೆಯ ಚೀಲ. ಮಗುವಿಗೆ ಅರ್ಧ ಲೀಟರ್, ದೊಡ್ಡವರಿಗೆ ಒಂದೊಂದು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಒಂದು ಪೊಟ್ಟಣ ಓಆರ್‌ಎಸ್, ಬ್ಯಾಂಡೇಜು, ಒಂದು ನಿಂಬೆಹಣ್ಣು, ವಾಂತಿಗೆ ಎರಡು ದಪ್ಪ ಕಾಗದದ ಚೀಲ. ಮಡಚುವ ಛತ್ರಿಗಿಂತ ಮಕ್ಕಳಿಗೆ ಟೋಪಿ ಇರುವ ರೈನ್‌ಕೋಟೇ ವಾಸಿ, ಕೈ ಖಾಲಿ ಇರುತ್ತದೆ. ಆಟದ ಸಾಮಾನು ಬೇಡ, ಕಳೆದುಹೋದರೆ ಅದನ್ನು ಹುಡುಕುವುದೇ ಒಂದು ಕೆಲಸ. ಪ್ಲಾಸ್ಟಿಕ್ ಕವರ್ ಒಂದೂ ಬೇಡ. ಜೂ, ರಂಗನತಿಟ್ಟು ಎರಡೂ ಕಡೆ ಬ್ಯಾಗ್ ತೆರೆಸಿ ನೋಡುತ್ತಾರೆ, ಕವರ್ ಇದ್ದರೆ ಗೇಟಿನಲ್ಲೇ ತೆಗೆದಿಡಿಸುತ್ತಾರೆ.

ಚಪ್ಪಲಿಯ ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ದೀಪಾವಳಿಗೆಂದು ತಂದ ಹೊಸ ಶೂ ಈ ಸುತ್ತಾಟದಲ್ಲೇ ಮೊದಲ ಸಲ ಹಾಕಿಸಬೇಡಿ. ಇಬ್ಬನಿಯಲ್ಲಿ ನೆಂದ ಹೊಸ ಕ್ಯಾನ್ವಾಸ್ ಅರ್ಧ ಗಂಟೆಯಲ್ಲಿ ಹಿಮ್ಮಡಿ ಕಚ್ಚುತ್ತದೆ, ಆಮೇಲೆ ಮೂರು ಗಂಟೆ ಮಗು ನಿಮ್ಮ ಹೆಗಲ ಮೇಲೆ. ಹಿಮ್ಮಡಿಗೆ ಪಟ್ಟಿ ಇರುವ, ಆಗಲೇ ಹಾಕಿ ಪಳಗಿದ ಸ್ಯಾಂಡಲ್ ಸರಿ. ಹವಾಯಿ ಚಪ್ಪಲಿ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ.

ಸೊಳ್ಳೆಗೆ ತುಂಬುತೋಳಿನ ಹತ್ತಿ ಅಂಗಿ, ಸಡಿಲ ಪ್ಯಾಂಟು. ಮಳೆಗಾಲ ಮುಗಿಯುವ ಈ ಸಮಯದಲ್ಲಿ ಡೆಂಗಿ ಹರಡುವ ಸೊಳ್ಳೆ ಹಗಲು ಹೊತ್ತಿನಲ್ಲೇ ಕಚ್ಚುತ್ತದೆ, ಮುಖ್ಯವಾಗಿ ಬೆಳಿಗ್ಗೆ ಮತ್ತು ಸಂಜೆಯ ಮುಂಚೆ, ಅಂದರೆ ನಾವು ಹೊರಗಿರುವ ಹೊತ್ತಿನಲ್ಲೇ. ಸೊಳ್ಳೆ ಕ್ರೀಮನ್ನು ಮಗುವಿನ ಅಂಗೈಗೆ ಹಚ್ಚಬೇಡಿ, ಅದು ನೇರ ಬಾಯಿಗೆ ಹೋಗುತ್ತದೆ. ಬಿಸಿಲಿನ ಕ್ರೀಮ್ ಹಚ್ಚುವವರು ಅದನ್ನು ಮೊದಲು ಹಚ್ಚಿ, ಒಣಗಿದ ಮೇಲೆ ಸೊಳ್ಳೆಯದ್ದು ಹಚ್ಚಿ.

ಶನಿವಾರ ಬೆಳಿಗ್ಗೆ: ಜೂ

ಶ್ರೀ ಚಾಮರಾಜೇಂದ್ರ ಮೃಗಾಲಯ ಶುರುವಾದದ್ದು 1892ರಲ್ಲಿ. ಇವತ್ತು ಅದು 157 ಎಕರೆ. ವಾರದ ರಜೆ ಮಂಗಳವಾರ, ಬಾಗಿಲು ತೆರೆಯುವುದು ಬೆಳಿಗ್ಗೆ ಎಂಟೂವರೆಗೆ. ಎಂಟೂಕಾಲಿಗೆ ಗೇಟಿನ ಮುಂದೆ ಇರಬೇಕು. ಟಿಕೆಟ್ ಆನ್‌ಲೈನಲ್ಲಿ ಸಿಗುತ್ತದೆ, ಹಿಂದಿನ ರಾತ್ರಿಯೇ ತೆಗೆದಿಟ್ಟರೆ ಸಾಲಿನಲ್ಲಿ ನಿಲ್ಲುವ ಇಪ್ಪತ್ತು ನಿಮಿಷ ಉಳಿಯುತ್ತದೆ. ಆ ಇಪ್ಪತ್ತು ನಿಮಿಷ ಸಣ್ಣದಲ್ಲ. ಮಗುವಿನ ಹುರುಪಿನಲ್ಲಿ ಅದು ದೊಡ್ಡ ಪಾಲು.

ಬೇಗ ಹೋಗುವುದಕ್ಕೆ ಜನಸಂದಣಿ ಒಂದೇ ಕಾರಣವಲ್ಲ. ರಾತ್ರಿಯ ತಂಪು ಆರುವ ಮುನ್ನ ಹುಲಿ, ಸಿಂಹ, ಕರಡಿ ಎಲ್ಲ ಎದ್ದು ಓಡಾಡುತ್ತಿರುತ್ತವೆ. ಹನ್ನೊಂದರ ಮೇಲೆ ಹೋದವರು ನೋಡುವುದು ನೆರಳಲ್ಲಿ ಮಲಗಿದ ಬೆನ್ನು. “ಹುಲಿ ಎಲ್ಲಪ್ಪಾ?” “ಅಲ್ಲಿ ಮಲಗಿದೆ ನೋಡು ಪುಟ್ಟಾ.” “ಎಲ್ಲಿ?” ಎನ್ನುವ ಸಂಭಾಷಣೆ ಪ್ರತಿ ಆವರಣದ ಮುಂದೂ ನಡೆಯುತ್ತದೆ. ಒಂಬತ್ತು ಗಂಟೆಗೆ ಅದೇ ಹುಲಿ ಕಂದಕದ ಅಂಚಿನುದ್ದಕ್ಕೂ ನಡೆಯುತ್ತಿರುತ್ತದೆ, ಮಗು ತಾನಾಗಿ ಸುಮ್ಮನಾಗುತ್ತದೆ.

ಒಳಗಿನ ದಾರಿ ಒಂದೇ ದಿಕ್ಕಿನದು. ಒಮ್ಮೆ ಹೊಕ್ಕರೆ ಸುತ್ತಿಕೊಂಡೇ ಹೊರಗೆ ಬರಬೇಕು, ಕಿಲೋಮೀಟರ್‌ಗಟ್ಟಲೆ ನಡಿಗೆ. ದೊಡ್ಡವರು ಎರಡು ಗಂಟೆಯಲ್ಲಿ ಮುಗಿಸುತ್ತಾರೆ, ಮಕ್ಕಳ ಜೊತೆ ಮೂರರಿಂದ ಮೂರೂವರೆ ಗಂಟೆ. ಮೂರು ವರ್ಷದ ಮಗು ಒಂದು ಕಿಲೋಮೀಟರ್ ತನಕ ಉತ್ಸಾಹದಿಂದ ನಡೆಯುತ್ತದೆ, ಆಮೇಲೆ ಕೈ ಚಾಚುತ್ತದೆ. ಆದ್ದರಿಂದ ನಾಲ್ಕು ವರ್ಷದೊಳಗಿನವರಿಗೆ ತಳ್ಳುಗಾಡಿ ಇದ್ದರೆ ತನ್ನಿ. ಇಲ್ಲದಿದ್ದರೆ ಬ್ಯಾಟರಿ ಗಾಡಿ ಇದೆ, ಟಿಕೆಟ್ ಬೇರೆ. ನಮ್ಮ ಸಲಹೆ: ಮೊದಲೇ ಗಾಡಿ ಹತ್ತಬೇಡಿ. ಗಾಡಿಯಲ್ಲಿ ಕೂತ ಮಗುವಿಗೆ ಪ್ರಾಣಿಗಳು ಸಿನಿಮಾದ ಹಾಗೆ ಸರಿದುಹೋಗುತ್ತವೆ. ಬೇಕಾದಲ್ಲಿ ನಿಂತು ನೋಡುವ ಸ್ವಾತಂತ್ರ್ಯ ಕಾಲ್ನಡಿಗೆಯಲ್ಲೇ ಇರುವುದು.

ಎಲ್ಲವನ್ನೂ ತೋರಿಸಲೇಬೇಕು ಎನ್ನುವ ಚಪಲ ಬಿಡಿ. ಹಿಂದಿನ ರಾತ್ರಿ ಮಗುವನ್ನೇ ಕೇಳಿ ಐದು ಪ್ರಾಣಿ ಆರಿಸಿ: ಆನೆ, ಜಿರಾಫೆ, ಹುಲಿ, ಜೀಬ್ರಾ, ಗೊರಿಲ್ಲಾ, ಹೀಗೆ. ಗೊರಿಲ್ಲಾಗಳು 2021ರಲ್ಲಿ ಜರ್ಮನಿಯಿಂದ ಬಂದವು. ಅವುಗಳ ಮುಂದೆ ಮಕ್ಕಳು ಹೆಚ್ಚು ಹೊತ್ತು ನಿಲ್ಲುತ್ತಾರೆ, ಏಕೆಂದರೆ ಅವೂ ತಿರುಗಿ ನೋಡುತ್ತವೆ. ಐದರ ಮುಂದೆ ಹತ್ತತ್ತು ನಿಮಿಷ ನಿಂತು, ಉಳಿದದ್ದನ್ನು ನಡೆಯುತ್ತ ನೋಡಿದರೆ ಸಾಕು. ಮಗು ಹುಲಿ ಬಿಟ್ಟು ದಾರಿಯ ಬದಿಯ ಇರುವೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತರೆ ಎಳೆಯಬೇಡಿ, ನೀವೂ ಕೂತು ನೋಡಿ. ಅದಕ್ಕೂ ಟಿಕೆಟ್ ಕೊಟ್ಟಿದ್ದೀರಿ ಎಂದುಕೊಳ್ಳಿ.

ತಿಂಡಿ ಮನೆಯಲ್ಲೇ, ಏಳೂವರೆಗೆ ಹೊಟ್ಟೆ ತುಂಬ. ಎರಡು ಇಡ್ಲಿಗೆ ತುಪ್ಪ ಸವರಿ ಕೊಟ್ಟರೆ ನಾಲ್ಕು ವರ್ಷದವರಿಗೆ ಹತ್ತೂವರೆವರೆಗೆ ನಡೆಯುತ್ತದೆ. ಬರೀ ಹಾಲು ಬಿಸ್ಕತ್ತಿನಲ್ಲಿ ಹೊರಟರೆ ಒಂಬತ್ತೂವರೆಗೇ ಹಸಿವು ಶುರು. ಪ್ರಾಣಿಗಳಿಗೆ ಏನನ್ನೂ ಹಾಕಬಾರದು ಎಂದು ಗೇಟಿನ ಒಳಗಲ್ಲ, ಮನೆಯಲ್ಲೇ ಹೇಳಿ. ಒಳಗೆ ಹೋದ ಮೇಲೆ ಹೇಳಿದ ಮಾತು ಕೋತಿ ಕಂಡ ಕ್ಷಣ ಮರೆತುಹೋಗುತ್ತದೆ.

ಪಕ್ಕದಲ್ಲೇ ಕಾರಂಜಿ ಕೆರೆ ಇದೆಯಲ್ಲ, ಅದನ್ನೂ ಮುಗಿಸಿಬಿಡೋಣ ಅನ್ನಿಸುತ್ತದೆ. ಬೇಡ. ಎರಡು ವರ್ಷದ ಆಸುಪಾಸಿನ ಮಗು ಇದ್ದರೆ ಜೂ ಬದಲು ಕಾರಂಜಿ ಕೆರೆಯನ್ನೇ ಆ ಬೆಳಗಿಗೆ ಇಟ್ಟುಕೊಳ್ಳಿ. ಅಲ್ಲಿ ನಡಿಗೆ ಕಡಿಮೆ, ಮೇಲೆ ಬಲೆ ಹೊದಿಸಿದ ದೊಡ್ಡ ಪಕ್ಷಿಪಂಜರದ ಒಳಗೇ ನಡೆದುಹೋಗಬಹುದು, ನವಿಲು ಕೈಯಳತೆಯಲ್ಲಿ ಓಡಾಡುತ್ತದೆ. ಚಿಟ್ಟೆಗಳ ಪಾರ್ಕಿಗೆ ಬಿಸಿಲು ಬಿದ್ದ ಮೇಲೆ, ಒಂಬತ್ತೂವರೆಯಿಂದ ಹನ್ನೊಂದರ ನಡುವೆ ಹೋಗಿ. ರೆಕ್ಕೆ ಬೆಚ್ಚಗಾಗುವವರೆಗೆ ಚಿಟ್ಟೆ ಹಾರುವುದಿಲ್ಲ. ಹಾರುವ ಮುಂಚೆ ಎಲೆಯ ಮೇಲೆ ರೆಕ್ಕೆ ಬಿಚ್ಚಿ ಕೂತಿರುತ್ತದೆ. ಮಗುವಿನ ಕಣ್ಣಿನ ಮಟ್ಟಕ್ಕೆ ನೀವು ಬಗ್ಗಿದರೆ ರೆಕ್ಕೆಯ ಅಂಚಿನ ಪುಡಿಯಂಥ ಹೊಳಪು ಕೂಡ ಕಾಣುತ್ತದೆ. ನಿಮ್ಮ ನೆರಳು ಅದರ ಮೇಲೆ ಬಿದ್ದರೆ ಎದ್ದುಹೋಗುತ್ತದೆ, ಅದಕ್ಕೆ ಸೂರ್ಯನಿಗೆ ಮುಖ ಮಾಡಿ ನಿಲ್ಲಿ.

ಹನ್ನೊಂದೂವರೆಗೆ ಹೊರಗೆ ಬಂದು ನೇರ ಮನೆಗೆ. ಊಟ, ನಿದ್ದೆ.

ಶನಿವಾರ ಸಂಜೆ: ರೈಲು

ಮಳೆ ಬರದಿದ್ದರೆ ಕೆ.ಆರ್.ಎಸ್. ರಸ್ತೆಯ ರೈಲ್ವೆ ಮ್ಯೂಸಿಯಂ. ಮೈಸೂರು ರೈಲು ನಿಲ್ದಾಣದ ಹಿಂಬದಿಗೆ, ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ಎದುರಿಗೆ ಇದೆ, 1979ರಿಂದ ಇದೆ. ಮಕ್ಕಳಿಗೆ ಹೇಳಿಮಾಡಿಸಿದ ಅಳತೆಯ ಜಾಗ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಹಳೆಯ ಉಗಿಬಂಡಿಗಳ ಹತ್ತಿರ ಹೋಗಿ ಚಕ್ರ ಮುಟ್ಟಬಹುದು. ಮಹಾರಾಣಿಯ ಸಲೂನು ಎಂಬ 1899ರ ಡಬ್ಬಿ ಇದೆ. ಅದರೊಳಗೆ ಅಡುಗೆಮನೆ, ಊಟದ ಕೋಣೆ ಎಲ್ಲ ಇವೆ. “ರೈಲಿನೊಳಗೆ ಮನೆ” ಎಂದರೆ ಸಾಕು, ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಾರೆ. ಟಾಯ್ ಟ್ರೈನ್ ಸುತ್ತು ಹೊಡೆಯುತ್ತದೆ. ನಾಲ್ಕು ಗಂಟೆಯೊಳಗೆ ಹೋಗಿ, ಏಕೆಂದರೆ ಅದರ ಕೊನೆಯ ಸುತ್ತು ಬಾಗಿಲು ಹಾಕುವುದಕ್ಕಿಂತ ಮುಂಚೆಯೇ ಆಗಿಹೋಗುತ್ತದೆ. ಅದು ತಪ್ಪಿದರೆ ಸಮಾಧಾನ ಮಾಡುವುದು ಕಷ್ಟ. ಮೊದಲು ಟಾಯ್ ಟ್ರೈನ್, ಆಮೇಲೆ ಎಂಜಿನ್‌ಗಳು. ಈ ಕ್ರಮ ತಿರುಗಿಸಬೇಡಿ, ಟ್ರೈನ್ ಹತ್ತುವವರೆಗೆ ಮಗು ಬೇರೇನನ್ನೂ ನೋಡುವುದಿಲ್ಲ. ಬಿಸಿಲಲ್ಲಿ ನಿಂತ ಕಬ್ಬಿಣ ನಾಲ್ಕು ಗಂಟೆಗೂ ಸುಡುತ್ತಿರಬಹುದು, ಮೊದಲು ನೀವು ಮುಟ್ಟಿ ನೋಡಿ.

ಮೂರು ಗಂಟೆಗೆ ಗುಡುಗು ಕೇಳಿಸಿದರೆ ಕಾರಂಜಿ ಕೆರೆ ದಡದ ಪ್ರಾಕೃತಿಕ ಇತಿಹಾಸದ ಮ್ಯೂಸಿಯಂಗೆ ಹೋಗಿ. ಪೂರ್ತಿ ಸೂರಿನಡಿ, ಶನಿವಾರ ಭಾನುವಾರ ತೆರೆದಿರುತ್ತದೆ. ದೊಡ್ಡ ಪ್ರಾಣಿಗಳ ಮಾದರಿ ನೋಡಿ ಮೂರು ವರ್ಷದವರು ಹೆದರಬಹುದು, ಎತ್ತಿಕೊಂಡೇ ಒಳಗೆ ಹೋಗಿ.

ಭಾನುವಾರ ಬೆಳಿಗ್ಗೆ: ರಂಗನತಿಟ್ಟು

ಇದಕ್ಕೆ ಹೆಚ್ಚು ಸಿದ್ಧತೆ ಬೇಕು, ಅಷ್ಟೇ ಹೆಚ್ಚು ಸಿಗುವುದೂ ಇಲ್ಲೇ. ಮೈಸೂರಿನಿಂದ ಸುಮಾರು 19 ಕಿಲೋಮೀಟರ್, ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಡದಲ್ಲಿ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರು ಅರಸರು 1940ರಲ್ಲಿ ಇದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ರಾಮ್ಸಾರ್ ತಾಣವಾಯಿತು, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ಮೊದಲ ಹೆಜ್ಜೆ ಶನಿವಾರವೇ: ಬೋಟು ನಡೆಯುತ್ತಿದೆಯೇ ವಿಚಾರಿಸಿ. ಮಳೆ ಚೆನ್ನಾಗಿ ಆದ ವರ್ಷ ಈ ತಿಂಗಳುಗಳಲ್ಲೂ ಕನ್ನಂಬಾಡಿ ಕಟ್ಟೆಯಿಂದ (ಕೆ.ಆರ್.ಎಸ್. ಅಣೆಕಟ್ಟು) ನದಿಗೆ ನೀರು ಬಿಡುತ್ತಾರೆ. ಹರಿವು ಜಾಸ್ತಿಯಾದ ಕೂಡಲೇ ಬೋಟು ನಿಲ್ಲಿಸುತ್ತಾರೆ. ಅದು ಗೊತ್ತಿಲ್ಲದೆ “ದೋಣಿ ಹತ್ತೋಣ” ಎಂದು ಮಾತು ಕೊಟ್ಟು ಕರೆದುಕೊಂಡು ಹೋದರೆ ದಡದಲ್ಲಿ ಅಳುವೇ ಗತಿ. ಬೋಟಿಲ್ಲದಿದ್ದರೆ ಈ ಬೆಳಗನ್ನು ಬೆಟ್ಟಕ್ಕೆ ಇಡಿ. ಅದರ ವಿವರ ಮುಂದೆ ಇದೆ.

ಹೊರಡುವುದು ಎಂಟಕ್ಕೆ, ತಿಂಡಿ ಏಳಕ್ಕೆ. ತಿಂಡಿಗೂ ಕಾರಿಗೂ ನಡುವೆ ಒಂದು ಗಂಟೆ ಅಂತರ ಇರಲಿ, ಹೊರಡುವ ಮುಂಚೆ ಹಾಲು ಕುಡಿಸಬೇಡಿ. ಕಾರಿನಲ್ಲಿ ವಾಂತಿ ಬರುವುದು ಕಣ್ಣಿಗೂ ಕಿವಿಯೊಳಗಿನ ಸಮತೋಲದ ಅಂಗಕ್ಕೂ ಒಮ್ಮತ ಇಲ್ಲದಾಗ. ಕೆಳಗೆ ಬಗ್ಗಿ ಮೊಬೈಲ್ ನೋಡುವ ಮಗುವಿನ ಕಣ್ಣು “ನಿಂತಿದ್ದೇವೆ” ಎನ್ನುತ್ತದೆ, ಕಿವಿ “ಓಡುತ್ತಿದ್ದೇವೆ” ಎನ್ನುತ್ತದೆ. ಮೊಬೈಲ್ ತೆಗೆದು ಮುಂದಿನ ರಸ್ತೆ ಕಾಣುವ ಹಾಗೆ ಕೂರಿಸಿದರೆ ಅರ್ಧ ವಾಂತಿ ಅಲ್ಲೇ ನಿಲ್ಲುತ್ತದೆ. ನಿಂಬೆಹಣ್ಣನ್ನು ಉಗುರಿನಿಂದ ಗೀರಿ ಮೂಸಲು ಕೊಡುವ ಅಜ್ಜಿಯರ ಉಪಾಯ ಮಕ್ಕಳಿಗೆ ಒಂದು ಕೆಲಸವನ್ನೂ ಕೊಡುತ್ತದೆ.

ಬೈಕು, ಸ್ಕೂಟರಿನಲ್ಲಿ ಹೋಗುವವರು ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆಗೆ ಹತ್ತುವಂತಿಲ್ಲ. 2023ರ ಆಗಸ್ಟ್‌ನಿಂದ ಅಲ್ಲಿ ದ್ವಿಚಕ್ರ ವಾಹನ, ಆಟೊ ನಿಷೇಧ, ಸರ್ವಿಸ್ ರಸ್ತೆಯೇ ಗತಿ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್, ಸವಾರನಿಗೆ ಬಿಗಿಯುವ ಪಟ್ಟಿ ಎರಡೂ ಕಾನೂನಿನ ಪ್ರಕಾರ ಕಡ್ಡಾಯ, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು. ಟ್ಯಾಂಕಿನ ಮೇಲೆ ಕೂರಿಸಿಕೊಳ್ಳುವುದು ರೂಢಿ ನಿಜ. ಆದರೆ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಹ್ಯಾಂಡಲ್ ಬಡಿಯುವುದು ಮಗುವಿನ ಎದೆಗೇ.

ಈ ಕಾಲದಲ್ಲಿ ಹಕ್ಕಿಗಳ ಬಗ್ಗೆ ಆಸೆ ಎಷ್ಟಿಟ್ಟುಕೊಳ್ಳಬೇಕು ಎನ್ನುವುದು ಮುಖ್ಯ. ಬಣ್ಣದ ಕೊಕ್ಕರೆಗಳು ಮರದ ತುಂಬ ಗೂಡು ಕಟ್ಟುವ ಚಿತ್ರ ಬೇಸಿಗೆಯ ಮುಂಚಿನ ತಿಂಗಳುಗಳದು. ಈಗ ಸಿಗುವುದು ಬೆಳ್ಳಕ್ಕಿ, ನೀರುಕಾಗೆ, ಬಾಯಿಕಳಕ ಕೊಕ್ಕರೆ, ಅಲ್ಲೊಂದು ಇಲ್ಲೊಂದು ಹೆಜ್ಜಾರ್ಲೆ. ಮರದಲ್ಲಿ ತಲೆಕೆಳಗಾಗಿ ಜೋತುಬಿದ್ದ ದೊಡ್ಡ ಬಾವಲಿಗಳು ಸಿಗುತ್ತವೆ. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ ಸಿಗುತ್ತದೆ, ಮಕ್ಕಳಿಗೆ ಅದಕ್ಕಿಂತ ದೊಡ್ಡದು ಬೇರೆ ಇಲ್ಲ. ಮೊಸಳೆಗೆ ಮೈ ಬೆಚ್ಚಗೆ ಮಾಡಿಕೊಳ್ಳಲು ಬಿಸಿಲೇ ಬೇಕು. ಅದಕ್ಕೆ ತಂಪು ರಾತ್ರಿ ಕಳೆದ ಬೆಳಿಗ್ಗೆ ಬಂಡೆ ಮೇಲೆ ಸಿಗುವ ಹಾಗೆ ನಡುಮಧ್ಯಾಹ್ನ ಸಿಗುವುದಿಲ್ಲ.

ದೋಣಿ ಹತ್ತುವ ಮುಂಚೆ ಲೈಫ್ ಜಾಕೆಟ್ಟನ್ನು ನೀವೇ ಪರೀಕ್ಷಿಸಿ. ಮಗುವಿಗೆ ಹಾಕಿ ಎಲ್ಲ ಪಟ್ಟಿ ಬಿಗಿದ ಮೇಲೆ, ಜಾಕೆಟ್ಟಿನ ಎರಡು ಹೆಗಲನ್ನು ಹಿಡಿದು ಮೇಲಕ್ಕೆ ಎತ್ತಿ. ಜಾಕೆಟ್ ಸರಿದು ಕಿವಿಯವರೆಗೆ ಬಂದರೆ ಅದು ಸಡಿಲ. ನೀರಿಗೆ ಬಿದ್ದಾಗ ಅದು ತಲೆಯ ಮೇಲಿಂದ ಕಳಚಿಕೊಳ್ಳುತ್ತದೆ. ಚಿಕ್ಕ ಅಳತೆಯದು ಕೇಳಿ ಪಡೆಯಿರಿ, ಸಿಗದಿದ್ದರೆ ಮುಂದಿನ ದೋಣಿಗೆ ಕಾಯಿರಿ. ದೊಡ್ಡವರ ಜಾಕೆಟ್ ಮಗುವಿಗೆ ಇಲ್ಲದ್ದಕ್ಕೆ ಸಮ. ದೋಣಿಯಲ್ಲಿ ಮಗು ನಡುವೆ, ದೊಡ್ಡವರು ಅಂಚಿಗೆ. ನೀರಿಗೆ ಕೈ ಬಿಡುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಆಗತಾನೇ ಮೊಸಳೆ ನೋಡಿದವರಿಗೆ ಬೇಡ ಎಂದು ವಿವರಿಸುವುದು ಸುಲಭ.

ಬೈನಾಕ್ಯುಲರ್ ಕೊಟ್ಟು ಪ್ರಯೋಜನವಿಲ್ಲ. ಚಿಕ್ಕ ಮಕ್ಕಳ ಎರಡು ಕಣ್ಣಿನ ಅಂತರ ಅದಕ್ಕೆ ಹೊಂದುವುದಿಲ್ಲ, ಕಪ್ಪು ವೃತ್ತ ಮಾತ್ರ ಕಾಣುತ್ತದೆ. ರಟ್ಟಿನ ಕೊಳವೆಯೊಂದನ್ನು ಕೊಡಿ. ದೊಡ್ಡದಾಗಿ ಕಾಣುವುದಿಲ್ಲ, ಆದರೆ ಸುತ್ತಲಿನದೆಲ್ಲ ಮರೆಯಾಗಿ ಒಂದೇ ಹಕ್ಕಿಯ ಮೇಲೆ ಕಣ್ಣು ನಿಲ್ಲುತ್ತದೆ. ಮೂರು ವರ್ಷಕ್ಕೆ ಅಷ್ಟು ಸಾಕು.

ವಾಪಸು ಬರುವಾಗಿನ ದೊಡ್ಡ ತಪ್ಪು ಹನ್ನೆರಡೂವರೆಗೆ ಹೊರಡುವುದು. ಹಸಿದ ಮಗು ಕಾರಿನಲ್ಲಿ ಇಪ್ಪತ್ತು ನಿಮಿಷ ತೂಕಡಿಸಿ, ಮನೆ ಬಾಗಿಲಲ್ಲಿ ಎಚ್ಚರಾಗುತ್ತದೆ. ಆ ಇಪ್ಪತ್ತು ನಿಮಿಷ ಮಧ್ಯಾಹ್ನದ ನಿದ್ದೆಯನ್ನೇ ತಿಂದುಹಾಕುತ್ತದೆ, ಸಂಜೆ ಐದಕ್ಕೆ ಮನೆಯಲ್ಲಿ ಯುದ್ಧ. ಹಾಗಾಗಿ ಹನ್ನೊಂದಕ್ಕೆ ಪಾರ್ಕಿಂಗಿನಲ್ಲೇ ಬುತ್ತಿ ಬಿಚ್ಚಿ ಉಣಿಸಿ. ಆಮೇಲೆ ಕಾರಿನಲ್ಲಿ ಮಲಗಿದರೂ ತೊಂದರೆಯಿಲ್ಲ. ಹೊಟ್ಟೆ ತುಂಬಿರುವ ಮಗುವನ್ನು ಎತ್ತಿ ಹಾಸಿಗೆಗೆ ಹಾಕಿದರೆ ನಿದ್ದೆ ಮುಂದುವರಿಯುತ್ತದೆ.

ಬುತ್ತಿಗೆ ಮೊಸರನ್ನಕ್ಕಿಂತ ಒಳ್ಳೆಯದಿಲ್ಲ, ಮಾಡುವ ಕ್ರಮ ಸರಿ ಇದ್ದರೆ. ಅರ್ಧ ಲೋಟ ಅಕ್ಕಿಗೆ ಎರಡು ಲೋಟ ನೀರು ಹಾಕಿ ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಸೌಟಿನ ಬೆನ್ನಿಂದ ಹಿಸುಕಿ. ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲು ಒಂದು ಲೋಟ, ಮೊಸರು ಎರಡೇ ಚಮಚ, ಉಪ್ಪು. ನೋಡಲು ತೀರಾ ನೀರಾಗಿರಬೇಕು. ಎರಡು ಮೂರು ಗಂಟೆಯಲ್ಲಿ ಅನ್ನ ಹಾಲನ್ನು ಹೀರಿ, ಹಾಲು ಡಬ್ಬಿಯೊಳಗೇ ಹೆಪ್ಪಾಗುತ್ತ ಬಂದು, ತೆರೆಯುವ ಹೊತ್ತಿಗೆ ಹದವಾಗಿರುತ್ತದೆ. ಬೆಳಿಗ್ಗೆಯೇ ಪೂರ್ತಿ ಮೊಸರು ಹಾಕಿ ಕಲಸಿದರೆ ಹನ್ನೊಂದಕ್ಕೆ ಹುಳಿ, ಮಕ್ಕಳು ಮುಟ್ಟುವುದಿಲ್ಲ. ಬಿಸಿಗೇ ಮೊಸರು ಹಾಕಿದರೆ ಒಡೆಯುತ್ತದೆ. ಬಿಸಿ ಇರುವಾಗ ಮುಚ್ಚಳ ಹಾಕಿದರೆ ಆವಿ ನೀರಾಗಿ ಬೇಗ ಕೆಡುತ್ತದೆ. ಒಗ್ಗರಣೆಗೆ ಸಾಸಿವೆ, ಇಂಗು, ಕರಿಬೇವು ಸಾಕು, ದೊಡ್ಡವರ ಮೆಣಸಿನಕಾಯಿ ಬೇರೆ ಡಬ್ಬಿಯಲ್ಲಿ. ಜೊತೆಗೆ ಏಲಕ್ಕಿ ಬಾಳೆಹಣ್ಣು.

ಈ ಕಾಲದ ಹಣ್ಣು ಎಂದು ದಾರಿಯಲ್ಲಿ ಸೀತಾಫಲ, ಹಸಿ ಕಡಲೆಕಾಯಿ ಎರಡೂ ಸಿಗುತ್ತವೆ. ಸೀತಾಫಲ ಬೀಜ ತೆಗೆದೇ ಬಾಯಿಗಿಡಿ. ಕಡಲೆಬೀಜ ನಾಲ್ಕೈದು ವರ್ಷದೊಳಗಿನವರಿಗೆ ಬೇಡವೇ ಬೇಡ, ಓಡುವ ಕಾರಿನಲ್ಲಂತೂ ಅಲ್ಲವೇ ಅಲ್ಲ. ನಗುವಾಗಲೋ ಕಾರು ಕುಲುಕಿದಾಗಲೋ ಉಸಿರುಕೊಳವೆಗೆ ಹೋಗುವ ಅಳತೆ ಅದರದು.

ಹತ್ತಿರದಲ್ಲೇ ಕಾವೇರಿಯ ಕಟ್ಟೆಗಳಿರುವ ಎಡಮುರಿ, ಬಲಮುರಿ ಇವೆ ಎಂದು ಯಾರಾದರೂ ಸೇರಿಸಿದರೆ ಗಟ್ಟಿಯಾಗಿ ಬೇಡ ಎನ್ನಿ. ಕಟ್ಟೆಯ ಮೇಲೆ ಹರಿಯುವ ನೀರು ಪಾದ ಮುಳುಗುವಷ್ಟೇ ಕಂಡರೂ ಕೆಳಗೆ ಪಾಚಿ ಕಟ್ಟಿದ ಕಲ್ಲು, ಪಕ್ಕದಲ್ಲೇ ಆಳ. ಈ ಕಾಲದಲ್ಲಿ ಹರಿವು ಯಾವಾಗ ಏರುತ್ತದೆ ಹೇಳಲಾಗದು. ಮಕ್ಕಳಿಗೆ ಓಡಲು ಜಾಗ ಬೇಕಿದ್ದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ತೋಟದ ಹುಲ್ಲುಹಾಸಿದೆ.

ಬೋಟಿಲ್ಲದಿದ್ದರೆ: ನಂದಿಯವರೆಗೆ ಇಳಿಯುವುದು

ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು. ಹತ್ತಿಸುವ ಸಾಹಸ ಬೇಡ. ಮೇಲಕ್ಕೆ ಕಾರಿನಲ್ಲೋ ಬಸ್ಸಿನಲ್ಲೋ ಹೋಗಿ, ದೇವರ ದರ್ಶನ ಮಾಡಿ, ಅಲ್ಲಿಂದ ನಂದಿಯವರೆಗೆ ಮಾತ್ರ ಇಳಿಯಿರಿ. ನಂದಿ ಇರುವುದು ಕೆಳಗಿನಿಂದ ಸುಮಾರು 700ನೇ ಮೆಟ್ಟಿಲ ಬಳಿ, ಅಂದರೆ ಮೇಲಿನಿಂದ 300 ಮೆಟ್ಟಿಲು. ನಂದಿಯ ಹತ್ತಿರಕ್ಕೆ ರಸ್ತೆ ಇದೆ. ಒಬ್ಬರು ಕಾರು ತಂದು ಅಲ್ಲಿ ಕಾಯಲಿ, ಇನ್ನೊಬ್ಬರು ಮಕ್ಕಳನ್ನು ಇಳಿಸಲಿ. ಐದು ವರ್ಷದವರಿಗೆ ಅರ್ಧ ಗಂಟೆ ಹಿಡಿಯುತ್ತದೆ. ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ, ಆದ್ದರಿಂದ ನೀವು ಒಂದು ಮೆಟ್ಟಿಲು ಕೆಳಗೆ, ಮಗು ಮೇಲೆ. ಜಾರಿದರೆ ನಿಮ್ಮ ಮೇಲೆ ಬೀಳುತ್ತದೆ, ಕಲ್ಲಿನ ಮೇಲಲ್ಲ. ರಾತ್ರಿ ಮಳೆ ಬಂದಿದ್ದರೆ ಒಣಗುವವರೆಗೆ ಇಳಿಯಬೇಡಿ. ಕೋತಿಗಳಿವೆ, ಕೈಯಲ್ಲಿ ಬಾಳೆಹಣ್ಣು, ಪ್ರಸಾದದ ಪೊಟ್ಟಣ ಯಾವುದೂ ಕಾಣಬಾರದು. ಕಸಿದರೆ ಬಿಟ್ಟುಬಿಡಿ, ಎಳೆದಾಡಿದರೆ ಕಚ್ಚುತ್ತದೆ.

ನಂದಿ ದೊಡ್ಡ ದೇವರಾಜ ಒಡೆಯರ ಕಾಲದ್ದು, 17ನೇ ಶತಮಾನ. ಒಂದೇ ಬಂಡೆಯಲ್ಲಿ ಕಡೆದದ್ದು. ಮಗುವನ್ನು ಮುಂದೆ ನಿಲ್ಲಿಸಿ ಕೊರಳ ಗಂಟೆಗಳನ್ನು ಎಣಿಸಲು ಹೇಳಿ, ಅದೇ ಆಟ.

ಭಾನುವಾರ ಸಂಜೆ: ದೀಪ

ಅರಮನೆಯ ದೀಪ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲಿ, ಏಳು ಗಂಟೆಗೆ. ಸುಮಾರು ಒಂದು ಲಕ್ಷ ಬಲ್ಬು, ಒಂದೇ ಸಲ ಹೊತ್ತಿಕೊಳ್ಳುತ್ತವೆ. ಆ ಒಂದು ಕ್ಷಣಕ್ಕಾಗಿ ಹೋಗುವುದು. ಏಳೂ ಹತ್ತಕ್ಕೆ ಹೋಗಿ ಹೊತ್ತಿಕೊಂಡ ಅರಮನೆ ನೋಡುವುದು ಬೇರೆ, ಕಪ್ಪಾಗಿ ನಿಂತಿದ್ದ ಕಟ್ಟಡ ಕಣ್ಣೆದುರೇ ಚಿನ್ನದ ಗೆರೆಯಾಗುವುದು ಬೇರೆ. ಆರೂಮುಕ್ಕಾಲಿಗೆ ಜಾಗ ಹಿಡಿದಿರಬೇಕು.

ಕಷ್ಟದ ಹೊತ್ತು ಆರರಿಂದ ಏಳರವರೆಗಿನದು. ಕತ್ತಲಾಗಿರುತ್ತದೆ, ಹಸಿವಾಗಿರುತ್ತದೆ, ಕಾಯುವುದು ಬೇಜಾರು. ರಾತ್ರಿ ಊಟವನ್ನೇ ಐದೂಮುಕ್ಕಾಲಿಗೆ ಮನೆಯಲ್ಲಿ ಮುಗಿಸಿ, ದೋಸೆಯೋ ಉಪ್ಪಿಟ್ಟೋ. ರಾತ್ರಿಯ ಬಟ್ಟೆಯನ್ನೇ ಒಳಗೆ ಹಾಕಿ ಮೇಲೊಂದು ಸ್ವೆಟರ್ ತೊಡಿಸಿ ಹೊರಟರೆ, ಬರುವಾಗ ಕಾರಿನಲ್ಲಿ ಮಲಗಿದ ಮಗುವನ್ನು ಎಬ್ಬಿಸದೆ ಹಾಸಿಗೆಗೆ ಸೇರಿಸಬಹುದು. ಅರಮನೆ ಮುಖ ಮಾಡಿರುವುದು ಪೂರ್ವಕ್ಕೆ. ದೊಡ್ಡಕೆರೆ ಮೈದಾನದ ಕಡೆಯ ಜಯಮಾರ್ತಾಂಡ ದ್ವಾರದ ನೇರದಲ್ಲಿ ನಿಂತರೆ ಎದುರು ನೋಟ ಸಿಗುತ್ತದೆ. ಒಳಗೆ ಹೋಗುವುದಾದರೆ ಆ ದಿನ ಯಾವ ಬಾಗಿಲಿಂದ ಬಿಡುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಮಧ್ಯಾಹ್ನ ಮಳೆ ಬಂದ ದಿನ ದೀಪಕ್ಕೆ ಮಳೆಹುಳ ಮುತ್ತುತ್ತವೆ. ಕಂಬದ ದೀಪದ ಕೆಳಗೆ ನಿಲ್ಲದೆ ಹತ್ತು ಹೆಜ್ಜೆ ದೂರ ನಿಲ್ಲಿ, ಮಗುವಿನ ಕಣ್ಣಿಗೆ ಬೀಳುವುದು ತಪ್ಪುತ್ತದೆ.

ಬೃಂದಾವನದ ಕಾರಂಜಿ ಯಾಕೆ ಬೇಡ ಎಂದರೆ, ಪಾರ್ಕಿಂಗಿನಿಂದ ಕಾರಂಜಿಯವರೆಗೆ ಕತ್ತಲಲ್ಲಿ ದೂರದ ನಡಿಗೆ, ವಾರಾಂತ್ಯದ ನೂಕುನುಗ್ಗಲು, ಆಮೇಲೆ ಎಲ್ಲರೂ ಒಟ್ಟಿಗೆ ಹೊರಡುವ ರಸ್ತೆ. ಮಗುವಿಗೆ ಎಂಟು ವರ್ಷವಾಗಲಿ.

ಜನಜಂಗುಳಿಯ ಜಾಗಕ್ಕೆ ಹೊರಡುವ ಮುಂಚೆ ಎರಡು ಕೆಲಸ ತಪ್ಪದೆ ಮಾಡಿ. ಮನೆ ಬಾಗಿಲಲ್ಲೇ ಮಗುವಿನ ಪೂರ್ತಿ ಫೋಟೊ ಒಂದು ತೆಗೆಯಿರಿ. ಕೈತಪ್ಪಿದಾಗ “ಯಾವ ಬಣ್ಣದ ಅಂಗಿ?” ಎಂದು ಕೇಳಿದರೆ ಗಾಬರಿಯಲ್ಲಿ ನೆನಪಾಗುವುದಿಲ್ಲ. ಎರಡನೆಯದು, ನಿಮ್ಮ ಮೊಬೈಲ್ ನಂಬರನ್ನು ಮಗುವಿನ ಎಡಗೈ ಒಳಮಗ್ಗುಲಲ್ಲಿ ಬಾಲ್‌ಪೆನ್ನಿನಿಂದ ಬರೆದು, ಮೇಲೆ ಪಾರದರ್ಶಕ ಮೆಡಿಕಲ್ ಟೇಪ್ ಅಂಟಿಸಿ, ಬೆವರಿಗೆ ಅಳಿಸುವುದಿಲ್ಲ. ಕೈತಪ್ಪಿದರೆ ನಿಂತಲ್ಲೇ ನಿಂತು ಜೋರಾಗಿ ಅಪ್ಪ ಅಮ್ಮನ ಹೆಸರು ಹಿಡಿದು ಕೂಗಬೇಕು ಎಂದು ಕಲಿಸಿ. ಬರೀ “ಅಮ್ಮಾ” ಎಂದರೆ ಅಲ್ಲಿರುವ ತಾಯಂದಿರೆಲ್ಲ ತಿರುಗುತ್ತಾರೆ. ಸಹಾಯಕ್ಕೆ 112, ಮಕ್ಕಳ ಸಹಾಯವಾಣಿ 1098.

ಗುಡುಗು ಶುರುವಾದರೆ ಮರದ ಕೆಳಗೆ ಓಡಬೇಡಿ, ಕಾರಿನೊಳಗೆ ಕೂರಿ ಇಲ್ಲವೇ ಗಟ್ಟಿ ಕಟ್ಟಡಕ್ಕೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರುವುದು ಬೇಡ. ಅಷ್ಟು ಹೊತ್ತು ಕಾರಿನ ಗಾಜಿಗೆ ಬಾಯಿಂದ ಆವಿ ಬಿಟ್ಟು ಬೆರಳಲ್ಲಿ ಬರೆಯಲು ಬಿಡಿ. ಆನೆಯೋ ಮೊಸಳೆಯೋ, ಆ ಎರಡು ದಿನದಲ್ಲಿ ಮಗುವಿನ ಮನಸ್ಸಿನಲ್ಲಿ ಏನು ಉಳಿಯಿತು ಎನ್ನುವುದು ಅಲ್ಲೇ ಗೊತ್ತಾಗುತ್ತದೆ.